ಅರಿಶಿನದ ಗುರುತು ಕೊನೆಗೆ

ಬಸ್ಸಿನಿಂದ ಇಳಿಯುವಾಗಲೇ ಗಂಜಿಯ ವಾಸನೆ ಬಂತು. ಹಿಂದಿನ ದಿನದ ಅನ್ನ ಹುಳಿ ಹಿಡಿದು, ಅದರ ತಿಳಿಯಲ್ಲಿ ಹತ್ತಿಯ ನೂಲು ನೆನೆದಾಗ ಬರುವ ವಾಸನೆ ಅದು. ಕೊಯಮತ್ತೂರಿನ ಬಳಿಯ ಸೂಲೂರಿನಾಚೆಯ ಆ ಬೀದಿಯಲ್ಲಿ ಕೈಮಗ್ಗ ಉಳಿದಿರುವುದು ಈಗ ಎರಡೇ ಮನೆಯಲ್ಲಿ. ಅದರಲ್ಲಿ ಒಂದು ಭುವನಾ ಅಕ್ಕನ ಮನೆ. ಅಕ್ಕ ತೀರಿಹೋಗಿ ಇಪ್ಪತ್ತು ದಿನವಾಗಿತ್ತು. ಅಷ್ಟೂ ದಿನ ಮಗ್ಗ ನಿಂತಿತ್ತು. “ನಾಳೆ ಹೊಸ ಪಾವು ಏರಿಸ್ತೀವಿ ಕಣ್ಣು, ನೀನು ಬಾ” ಎಂದು ಅವರ ಅವ್ವ ಹಿಂದಿನ ದಿನ ಫೋನ್ ಮಾಡಿದ್ದರು. ಮಗ್ಗಕ್ಕೆ ಏರಿಸುವ ಹಾಸುನೂಲಿಗೆ, ಅಂದರೆ ಬಟ್ಟೆಯ ಉದ್ದದ ಎಳೆಗಳಿಗೆ, ಆ ಮನೆಯಲ್ಲಿ ಪಾವು ಎನ್ನುತ್ತಾರೆ. ಕಣ್ಣು ಎಂದರೆ ನಾನು. ಆ ಕಡೆ ಪ್ರೀತಿಯಿಂದ ಯಾರನ್ನು ಬೇಕಾದರೂ ಹಾಗೆ ಕರೆಯುತ್ತಾರೆ.

ಬಸ್ ಹೊರಟುಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಗಾಳಿ ಬೀಸುತ್ತಿತ್ತು. ಅಕ್ಕನ ಜೊತೆ ಕಳೆದ ಮೊದಲ ವರ್ಷದ ಗಾಳಿ ನೆನಪಾಯಿತು.

ನಾನು ಕೊಳ್ಳೇಗಾಲದ ಕಡೆಯವಳು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಸೂಲೂರಿನ ಒಂದು ಚಿಕ್ಕ ವರ್ಕ್‌ಶಾಪಿಗೆ ಕೆಲಸಕ್ಕೆ ಬಂದೆ. ಬಂದದ್ದು ತಮಿಳರ ಆನಿ ತಿಂಗಳ ಕೊನೆಯಲ್ಲಿ, ಆಡಿಗೆ ಸ್ವಲ್ಪ ಮುಂಚೆ. ನಮ್ಮ ಆಷಾಢ ಅವರಿಗೆ ಆಡಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಆಡಿಯಲ್ಲಿ ಇಡೀ ಬಯಲನ್ನು ಹಿಡಿದು ಅಲ್ಲಾಡಿಸುತ್ತದೆ. ಮಳೆ ಎಂದರೆ ಮುಖಕ್ಕೆ ಸಿಡಿಯುವ ನಾಲ್ಕು ಹನಿ ಅಷ್ಟೆ. ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಬಂದ ಮರುಕ್ಷಣವೇ ಮತ್ತೆ ಹೋಗುತ್ತದೆ. ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಕ್ಕುತ್ತದೆ. ನನ್ನ ದುಪಟ್ಟಾ ಒಂದು ಹಾಗೆ ಹೋದದ್ದು ಇವತ್ತಿಗೂ ಸಿಕ್ಕಿಲ್ಲ.

ವರ್ಕ್‌ಶಾಪಿನಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದವರು ಭುವನಾ ಅಕ್ಕ ಒಬ್ಬರೇ. ಆಗ ಅವರಿಗೆ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ನೇಕಾರರ ಮನೆಯ ಮಗಳು. ಮೊದಲು ಸೋಲ್ಡರಿಂಗ್ ಕೆಲಸಕ್ಕೆ ಸೇರಿ, ಅಲ್ಲೇ ಕೂತು ನೋಡಿ ನೋಡಿ ಸಿ ಭಾಷೆ ಕಲಿತಿದ್ದರು. ನಾನು ಕನ್ನಡದಲ್ಲಿ ಮಾತಾಡುತ್ತೇನೆಂದು ತಿಳಿದ ದಿನವೇ ಮನೆಗೆ ಕರೆದುಕೊಂಡು ಹೋಗಿ, ಮುಂದಿನ ಕೋಣೆಯಲ್ಲಿ ನನ್ನ ಪೆಟ್ಟಿಗೆ ಇರಿಸಿದರು. “ಹಾಸ್ಟಲ್ ಎಲ್ಲ ಬೇಡ. ಅವ್ವನಿಗೆ ಮಾತಾಡೋಕೆ ಆಳು ಬೇಕು. ನಾನು ವೇಲೆಯಿಂದ ಬಂದ್ರೆ ಬಾಯೇ ತೆಗೆಯಲ್ಲ ಅಂತ ಅವಳ್ಗೆ ಕೋಪ.” ವೇಲೆ ಅಂದರೆ ಕೆಲಸ. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು ಇರುತ್ತಿತ್ತು. ತಲೆತಲಾಂತರದಿಂದ ಮನೆಯೊಳಗೆ ಕನ್ನಡವನ್ನೇ ಆಡಿದವರು, ಆದರೆ ಓದಲು ಯಾರಿಗೂ ಬರುತ್ತಿರಲಿಲ್ಲ. ನಾನು ಅಪ್ಪನಿಗೆ ಕಾಗದ ಬರೆಯುವಾಗ ಅಕ್ಕ ಹತ್ತಿರ ಬಂದು ಕೂರುತ್ತಿದ್ದರು.

“ಇದ್ರಲ್ಲಿ ನನ್ ಹೆಸರು ಇದೆಯಾ?”

“ಇದೆ ಅಕ್ಕ.”

“ಎಲ್ಲಿ? ತೋರ್ಸು.”

ತೋರಿಸಿದರೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡುತ್ತಿದ್ದರು. “ನಲ್ಲದಾ ಬರ್ದಿದ್ದೀಯಾ, ಬೈದಿದ್ದೀಯಾ?” ಎಂದು ಕೇಳುತ್ತಿದ್ದರು. ನಲ್ಲದಾ ಅಂದರೆ ಒಳ್ಳೆಯದಾಗಿ. ಓದಿ ಹೇಳುವವರೆಗೂ ಏಳುತ್ತಿರಲಿಲ್ಲ.

ನಾವು ಮಾಡುತ್ತಿದ್ದದ್ದು ತಿರುಪ್ಪೂರಿನ ನಿಟ್ಟಿಂಗ್ ಮೆಷಿನ್‌ಗಳಿಗೆ ಒಂದು ಪೆಟ್ಟಿಗೆ. ಬನಿಯನ್ ಬಟ್ಟೆ ಹೆಣೆಯುವ ದುಂಡನೆಯ ಮೆಷಿನ್‌ಗೆ ಎಪ್ಪತ್ತೆರಡು ಕಡೆಯಿಂದ ನೂಲು ಬರುತ್ತದೆ. ಒಂದು ನೂಲು ತುಂಡಾದರೂ ಪೆಟ್ಟಿಗೆ ಅದನ್ನು ಕಂಡು ಮೆಷಿನ್ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಬಟ್ಟೆಯ ಉದ್ದಕ್ಕೂ ಸೀಳು ಬೀಳುತ್ತದೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಮಿನಲ್ಲಿ ನಾಲ್ಕು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ. ಥ್ರೆಡ್‌ಗಳು ಎನ್ನುತ್ತಾರೆ. ಮೂರು ಥ್ರೆಡ್‌ಗಳು ತಲಾ ಇಪ್ಪತ್ತನಾಲ್ಕು ನೂಲು ಕಾಯುತ್ತವೆ. ನಾಲ್ಕನೆಯದು ಪರದೆಯ ಮೇಲೆ ಅಂಕಿ ತೋರಿಸುತ್ತದೆ. ಯಾವ ನೂಲು ಎಷ್ಟು ಬಿಗಿ ಇರಬೇಕೆಂಬ ಪಟ್ಟಿ ಒಂದಿದೆ. ಕರೆಂಟ್ ಬಂದ ಕೂಡಲೇ ಅದನ್ನು ಒಂದೇ ಒಂದು ಸಲ ತುಂಬಿಕೊಳ್ಳಬೇಕು. ಯಾರು ಮೊದಲು ಬರುತ್ತಾರೋ ಅವರು ತುಂಬಲಿ, ಉಳಿದವರು ಅದನ್ನೇ ಬಳಸಲಿ ಎಂಬುದು ಲೆಕ್ಕ.

ಆ ಭಾಗವನ್ನು ಅಕ್ಕ ನನಗೆ ಕೊಟ್ಟಿದ್ದರು. ನಾನು ಬರೆದ ಮೊದಲ ಕೆಲಸ ಅದು. ಹತ್ತು ಸಾಲೂ ಇರಲಿಲ್ಲ. ಸಿದ್ಧ ಎಂಬ ಗುರುತು ಇದೆಯೇ ನೋಡು, ಇಲ್ಲದಿದ್ದರೆ ಗುರುತು ಹಾಕು, ಆಮೇಲೆ ಪಟ್ಟಿ ತುಂಬು. ಗುರುತನ್ನು ಮೊದಲೇ ಹಾಕಿದ್ದು ಬೇಕೆಂದೇ. ಒಬ್ಬರು ತುಂಬಲು ಶುರು ಮಾಡಿದ ಮೇಲೆ ಇನ್ನೊಬ್ಬರು ಬಂದು ಮತ್ತೆ ತುಂಬಬಾರದಲ್ಲ. ಅಕ್ಕನಿಗೆ ತೋರಿಸಿದೆ. ಅವರಿಗೆ ಆ ದಿನ ತಲೆನೋವು. ನೋಡಿ, “ಸರಿ, ಹಾಕು” ಎಂದರು.

ಆಡಿ ಶುರುವಾಗಿ ಒಂದು ವಾರಕ್ಕೆ ಪಲ್ಲಡಂ ರಸ್ತೆಯ ಒಂದು ನಿಟ್ಟಿಂಗ್ ಶೆಡ್ಡಿನಿಂದ ದೂರು ಬಂತು. ಪೆಟ್ಟಿಗೆ ನಿಲ್ಲಿಸಲಿಲ್ಲ, ಬಟ್ಟೆ ಹಾಳು. ಅಕ್ಕ ಬೇರೆ ಕೆಲಸದಲ್ಲಿದ್ದರು. ನಾನೊಬ್ಬಳೇ ಹೋದೆ. ಆ ಮೆಷಿನ್ ನೋಡಿಕೊಳ್ಳುತ್ತಿದ್ದವರ ಹೆಸರು ಸೆಲ್ವಿ. ನಲವತ್ತೈದು ದಾಟಿದ ತೆಳ್ಳನೆಯ ಹೆಂಗಸು, ಕೂದಲ ತುಂಬ ಹತ್ತಿಯ ಧೂಳು. ಅವರು ಆಡಿದ್ದು ತಮಿಳು. ನಾನು ನೆನಪಿದ್ದಷ್ಟು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಮಾತಿನ ತುದಿಯ ‘ಈಂಗ’ ಮಾತ್ರ ಅವರದೇ, ಆ ಕಡೆ ಮರ್ಯಾದೆಗೆ ಸೇರಿಸುವುದು.

“ನಾನು ಸ್ವಿಚ್ ಮುಟ್ಟಲೇ ಇಲ್ಲೀಂಗ. ನೂಲು ಹೋಗಿದೆ, ಇದು ನಿಲ್ಲಲಿಲ್ಲ, ಅಷ್ಟೇ. ನಾನು ನಿದ್ದೆ ಮಾಡ್ದೆ ಅಂತಾರೆ. ಈ ಸದ್ದಿನಲ್ಲಿ ಸತ್ತವರಿಗೂ ನಿದ್ದೆ ಬರಲ್ಲೀಂಗ.”

ನಾನು ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆ. ಐದಾರು ನೂಲು ಕತ್ತರಿಸಿ ನೋಡಿದೆ. ಪ್ರತಿ ಸಲವೂ ಕೆಂಪು ದೀಪ ಹತ್ತಿ ಮೆಷಿನ್ ನಿಂತಿತು. ಶೆಡ್ಡಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಸರ್ವಿಸ್ ಚೀಟಿಯಲ್ಲಿ ನಾನು ಎರಡು ಸಾಲು ಬರೆದೆ: ಪೆಟ್ಟಿಗೆ ಸರಿಯಾಗಿದೆ. ನೋಡಿಕೊಳ್ಳುವವರು ಪೆಟ್ಟಿಗೆ ಆಫ್ ಮಾಡಿರಬಹುದು.

ಎರಡನೆಯ ಸಾಲನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ತಿಳಿದವಳಂತೆ ಕಾಣಬೇಕೆಂದು ಬರೆದೆ.

ಮುಂದಿನ ಸೋಮವಾರ ಅಲ್ಲಿಂದಲೇ ಮತ್ತೆ ದೂರು. ಈ ಶನಿವಾರಕ್ಕೆ ಸೆಲ್ವಿಯನ್ನು ಕೆಲಸದಿಂದ ಬಿಡಿಸುತ್ತೇವೆ, ಆದರೂ ಪೆಟ್ಟಿಗೆ ಒಮ್ಮೆ ನೋಡಿ ಹೋಗಿ ಎಂದು ಯಜಮಾನರು ಹೇಳಿದ್ದರು. ಅಕ್ಕ ಹಳೆಯ ಚೀಟಿಯನ್ನು ಹುಡುಕಿ ತೆಗೆದರು. ಮೇಲೆ ವಿಮಾನಪಡೆಯ ಜೆಟ್ ಹಾದು, ಶೀಟಿನ ಮಾಡು ನಡುಗುವುದು ನಿಲ್ಲುವವರೆಗೂ ಅದನ್ನೇ ಹಿಡಿದು ಕೂತಿದ್ದರು.

“ಏನು ಕಣ್ಣು, ಪೆಟ್ಟಿ ಸರಿಯಾಗಿದೆ ಅಂತ ಬರ್ದಿದ್ದೀಯ. ಎಷ್ಟು ಹೊತ್ತು ನೋಡ್ದೆ?”

“ಅರ್ಧ ಗಂಟೆ ಅಕ್ಕ.”

“ಅವ್ಳು ದಿನಾ ಎಷ್ಟು ಹೊತ್ತು ನೋಡ್ತಾಳೆ?”

“ಹನ್ನೆರಡು ಗಂಟೆ.”

“ಅಂಗಾದ್ರೆ ಯಾರ್ಗೆ ಜಾಸ್ತಿ ಗೊತ್ತು?”

ಅವರು ಚೀಟಿಯನ್ನು ಮಡಿಸಿ ತಮ್ಮ ಟಿಫಿನ್ ಚೀಲದಲ್ಲಿ ಇಟ್ಟುಕೊಂಡರು.

ಮಂಗಳವಾರ, ಬುಧವಾರ ಎರಡು ದಿನವೂ ಮೇಜಿನ ಮೇಲಿನ ಪೆಟ್ಟಿಗೆಯನ್ನು ಆಫ್ ಆನ್ ಮಾಡುತ್ತಲೇ ಇದ್ದೆವು. ಒಮ್ಮೆಯೂ ತಪ್ಪಲಿಲ್ಲ. ಒಳಗೆ ಏನು ನಡೆಯುತ್ತದೆಂದು ತಿಳಿಯಲು ಪ್ರತಿ ಥ್ರೆಡ್‌ನಲ್ಲೂ ಒಂದೊಂದು ಸಾಲು ಪ್ರಿಂಟ್ ಆಗುವಂತೆ ಮಾಡಿದೆವು. ಎಲ್ಲ ಸಾಲಾಗಿ, ಶಾಲೆಯ ಮಕ್ಕಳ ಹಾಗೆ ಒಬ್ಬರ ಹಿಂದೆ ಒಬ್ಬರು ಬಂದರು. ಅಕ್ಕ ಕನ್ನಡಕ ತೆಗೆದಿಟ್ಟರು. “ನಾವು ನೋಡ್ತಾ ಇದ್ದೀವಿ ಅಂತ ನಲ್ಲ ಪಿಳ್ಳೈ ಥರ, ಒಳ್ಳೇ ಮಕ್ಕಳ ಥರ ನಡ್ಕೋತಾ ಇವೆ. ನಾವು ನೋಡೋದ್ರಿಂದ್ಲೇ ನಿಧಾನ ಆಗ್ತಾವೆ. ಇಲ್ಲಿ ಸಿಗಲ್ಲ. ಅವಳ ಹತ್ರ ಹೋಗೋಣ.”

ಗುರುವಾರ ಇಬ್ಬರೂ ಪಲ್ಲಡಂ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಿಟಕಿಯ ಗಾಜು ಮುಚ್ಚಿದರೂ ಅಕ್ಕನ ಕೂದಲು ನನ್ನ ಮುಖಕ್ಕೆ ಬಡಿಯುತ್ತಿತ್ತು. ಶೆಡ್ಡಿಗೆ ಹೋದವರೇ ಅವರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಸೆಲ್ವಿಯ ಪಕ್ಕ ಒಂದು ನೂಲಿನ ಡಬ್ಬದ ಮೇಲೆ ಕೂತು, “ನೀವು ಹೇಳೀಂಗ, ಇದು ಯಾವಾಗ ಹಾಗೆ ಮಾಡುತ್ತೆ?” ಎಂದು ತಮಿಳಿನಲ್ಲಿ ಕೇಳಿದರು.

ಸೆಲ್ವಿ ನನ್ನನ್ನು ಒಮ್ಮೆ ನೋಡಿದರು. “ಈ ಚಿಕ್ಕ ಪಾಪ ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ. ಗಾಳಿಗೆ ಕರೆಂಟ್ ಹೋಗಿ ಬಂದ ಮೇಲೇ ಹಾಗಾಗೋದು. ಎಲ್ಲ ಸಲ ಅಲ್ಲ, ಯಾವಾಗ್ಲೋ ಒಂದು ಸಲ. ಆದ್ರೆ ಹಾಗಾದ ದಿನ, ಮತ್ತೆ ಕರೆಂಟ್ ಹೋಗಿ ಬರೋ ತನಕ ಹಾಗೇ ಇರುತ್ತೆ. ನೀವು ಬರ್ತೀರಿ, ಆಫ್ ಮಾಡಿ ಆನ್ ಮಾಡ್ತೀರಿ, ಸರಿಹೋಗುತ್ತೆ. ನಾನು ಸುಳ್ಳಿ ಆಗ್ತೀನಿ.”

ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಅದೇ ಕೆಲಸ. ಅಕ್ಕ ಸ್ವಿಚ್ ಹಾಕುವುದು, ಇಪ್ಪತ್ತನಾಲ್ಕರ ಮೂರು ಗುಂಪಿನಿಂದ ಒಂದೊಂದು ನೂಲನ್ನು ಸೆಲ್ವಿ ತುಂಡು ಮಾಡುವುದು, ಮೆಷಿನ್ ನಿಂತರೆ ನಾನು ಪುಸ್ತಕದಲ್ಲಿ ಗೀಟು ಹಾಕುವುದು. ಸೆಲ್ವಿ ನೂಲನ್ನು ಮತ್ತೆ ಕಟ್ಟುವ ವೇಗಕ್ಕೆ ನನ್ನ ಗೀಟು ಹಿಂದೆ ಬೀಳುತ್ತಿತ್ತು. ಪುಟದ ಕೊನೆಯ ಸಾಲಿಗೆ ಬಂದಿದ್ದೆ. ಸೆಲ್ವಿ ಮೂರನೆಯ ಗುಂಪಿನ ನೂಲು ತುಂಡು ಮಾಡಿದರು. ದೀಪ ಹತ್ತಲಿಲ್ಲ. ಮೆಷಿನ್ ತಿರುಗುತ್ತಲೇ ಇತ್ತು. ಬಿಳಿ ಬಟ್ಟೆಯಲ್ಲಿ ಸಣ್ಣ ಸೀಳೊಂದು ಹುಟ್ಟಿ, ಸುತ್ತು ಸುತ್ತಿಗೂ ಕೆಳಗಿಳಿಯುತ್ತಾ ಬಂತು.

ಆಮೇಲೆ ಸೆಲ್ವಿ ಕೈಯಿಂದಲೇ ಮೆಷಿನ್ ನಿಲ್ಲಿಸಿ ನೆಲದ ಮೇಲೆ ಕೂತರು. “ಈಗ ನೀವೂ ನೋಡಿದ್ರೀಂಗ” ಎಂದರು. ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನನ್ನ ಪ್ರೋಗ್ರಾಮಿನ ಆ ಸಾಲುಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆಸಿದರು. ಬೆರಳಿಟ್ಟು ಓದಿದರು. ಬೆರಳು ಎರಡನೆಯ ಸಾಲಿನಲ್ಲಿ ನಿಂತಿತು.

“ಗುರುತು ಮೊದಲು ಯಾಕೆ ಹಾಕ್ದೆ ಕಣ್ಣು?”

“ಇನ್ನೊಬ್ಬರು ಮತ್ತೆ ಶುರು ಮಾಡದಿರಲಿ ಅಂತ ಅಕ್ಕ.”

ಅವರು ನಕ್ಕರು. ಬೈಯುತ್ತಾರೆಂದು ಕಾಯುತ್ತಿದ್ದವಳಿಗೆ ಆ ನಗು ಅರ್ಥವಾಗಲಿಲ್ಲ. ಅವರು ಹೇಳಿದ ಕತೆ ಇದು.

ಅವರ ಮನೆಯ ಪಾವಿಗೆ ಬೀದಿಯಲ್ಲೇ ಗಂಜಿ ಹಾಕಿ, ಬ್ರಷ್ಷಿನಿಂದ ಎಳೆ ಎಳೆ ಬಿಡಿಸಿ, ಒಣಗಿಸಿ, ಉರುಳೆಗೆ ಸುತ್ತುತ್ತಾರೆ. ಒಣಗಿದೆ, ಸುತ್ತಬಹುದು ಎನ್ನುವುದಕ್ಕೆ ಒಂದು ಗುರುತಿದೆ. ಅವ್ವ ಪಾವಿನ ಉದ್ದಕ್ಕೂ ನಡೆದು, ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಉರುಳೆಯ ಎರಡು ತುದಿಗೂ ಹೆಬ್ಬೆರಳಿನಿಂದ ಅರಿಶಿನ ಹಚ್ಚುತ್ತಾರೆ. ಅದನ್ನು ನೋಡಿದ ಮೇಲೆಯೇ ಮನೆಯವರು ಮುಂದಿನ ಕೆಲಸಕ್ಕೆ ಕೈ ಹಾಕುವುದು. ಅವ್ವ ಹಚ್ಚುವ ತನಕ ಎಷ್ಟೇ ಅವಸರವಿದ್ದರೂ ಎಲ್ಲರೂ ಕೈಕಟ್ಟಿ ನಿಂತಿರಬೇಕು. ಅಕ್ಕನಿಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವ ಜ್ವರ ಬಂದು ಮಲಗಿದ್ದರು. ಆ ಕೆಲಸ ಇವರಿಗೆ ಬಂತು. ಆಮೇಲೆ ಮರೆತುಹೋದರೆ ಎಂದು, ಗಂಜಿ ಹಾಕುವ ಮೊದಲೇ ಇವರು ಅರಿಶಿನ ಹಚ್ಚಿಬಿಟ್ಟರು. ಅರ್ಧ ಗಂಜಿ ಹಾಕಿ ಇನ್ನೊಂದು ಕೊಡ ತರಲು ಒಳಗೆ ಹೋದಾಗ ಅಪ್ಪ ಬಂದರು. ಗುರುತು ನೋಡಿ ಸುತ್ತಿಬಿಟ್ಟರು.

“ಆ ಪಾವು ಒಂದಕ್ಕೊಂದು ಅಂಟ್ಕೊಂಡು, ತರಿಯಲ್ಲಿ ಹತ್ತು ಸಲ ಲಾಳಿ ಹೋದ್ರೆ ಐದು ಎಳೆ ಹರಿಯೋದು. ಅಪ್ಪ ಒಂದು ಮಾತು ಬೈಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡ್ರು. ಎಳೆ ಹರಿದಾಗೆಲ್ಲ ನಾನು ಗಂಟು ಹಾಕ್ಬೇಕು. ಒಂದು ಮಾಸ ಹಾಕ್ದೆ.” ತರಿ ಎಂದರೆ ಅವರಿಗೆ ಮಗ್ಗ. “ನಿನ್ ಪ್ರೋಗ್ರಾಮೂ ಅದೇ. ಒಬ್ಳು ಗುರುತು ಹಾಕಿ ಪಟ್ಟಿ ತುಂಬ್ತಾ ಇದ್ದಾಳೆ. ಇನ್ನೊಬ್ಳು ಬರ್ತಾಳೆ, ಗುರುತು ನೋಡ್ತಾಳೆ, ಅರ್ಧ ಖಾಲಿ ಪಟ್ಟಿ ಎತ್ಕೊಂಡು ಹೋಗ್ತಾಳೆ. ಸೊನ್ನೆ ಅಂತ ಇದ್ರೆ ಆ ನೂಲು ಇಲ್ಲ ಅಂತ ಅರ್ಥ. ಇಲ್ಲದ ನೂಲು ಹರಿದ್ರೆ ಅವಳ್ಗೇನು? ಕರೆಂಟ್ ಇರೋ ತನಕ ಸುಮ್ನೆ ಇರ್ತಾಳೆ.”

ವರ್ಕ್‌ಶಾಪಿನ ಮೇಜಿನ ಮೇಲೆ ಇದ್ದದ್ದು ಆರೇ ನೂಲು. ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡುತ್ತಿತ್ತು. ಶೆಡ್ಡಿನಲ್ಲಿ ಎಪ್ಪತ್ತೆರಡು. ಗಾಳಿಯ ತಿಂಗಳಲ್ಲಿ ದಿನಕ್ಕೆ ಎಷ್ಟೋ ಸಲ ಮೊದಲಿನಿಂದ ಶುರು. ಎಲ್ಲ ಒಂದೊಂದಾಗಿ ನನಗೆ ತಿಳಿಯಿತು.

“ಹಾಗಾದರೆ ಗುರುತಿನ ಸಾಲನ್ನು ಕೆಳಗೆ ಹಾಕಿದರೆ ಆಯ್ತಲ್ಲ ಅಕ್ಕ?”

“ಆಗಲ್ಲ. ಇಬ್ರು ಒಟ್ಟಿಗೆ ಬಂದು, ಇಬ್ರೂ ಗುರುತು ಇಲ್ಲ ಅಂತ ನೋಡಿ, ಇಬ್ರೂ ಗಂಜಿ ಹುಯ್ದ್ರೆ? ಇನ್ನೊಂದು ಇದೆ. ನಾವು ಕೆಳಗೆ ಬರ್ದಿದ್ದು ಪಕ್ಕದವಳ ಕಣ್ಣಿಗೆ ಮೊದಲು ಕಾಣ್ಬಹುದು. ಕಂಪೈಲರ್, ಪ್ರೊಸೆಸರ್ ಎರಡಕ್ಕೂ ಸಾಲು ಹಿಂದೆ ಮುಂದೆ ಮಾಡೋ ಚಾಳಿ ಇದೆ. ಅದ್ಕೇ ಇದನ್ನ ನಾವೇ ಹೊಲೀಬಾರ್ದು. ಹೊಲಿದು ಇಟ್ಟಿರೋದು ಇದೆ.”

ಇತ್ತು. ಪಿಥ್ರೆಡ್ ಒನ್ಸ್ ಎಂದು ಅದರ ಹೆಸರು. ಮಾಡಬೇಕಾದ ಕೆಲಸವನ್ನು ಅದರ ಕೈಗೆ ಕೊಟ್ಟರೆ, ಮೊದಲು ಬಂದವರೊಬ್ಬರಿಂದ ಒಂದೇ ಸಲ ಮಾಡಿಸುತ್ತದೆ. ಆ ಕೆಲಸ ಶುರುವಾದರೆ ಸಾಲದು, ಮುಗಿಯುವವರೆಗೆ ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮುಗಿದದ್ದು ಎಲ್ಲರಿಗೂ ಮುಗಿದಂತೆಯೇ ಕಾಣುತ್ತದೆ. ಶುಕ್ರವಾರ ನಾನೇ ಬದಲಾಯಿಸಿದೆ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಶನಿವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅಕ್ಕ ಟಿಫಿನ್ ಚೀಲದಿಂದ ಆ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. “ಪೆಟ್ಟಿ ಸರಿ ಮಾಡೋದು ಅರ್ಧ ಗಂಟೆ ವೇಲೆ. ಇದನ್ನ ಸರಿ ಮಾಡು.”

“ನೀವು ಹೇಳಿ ಅಕ್ಕ. ನನಗೆ ತಮಿಳು ಸರಿಯಾಗಿ ಬರಲ್ಲ.”

“ಬಂದಷ್ಟು ಸಾಕು.”

ಶೆಡ್ಡಿನಲ್ಲಿ ಯಜಮಾನರು ಇದ್ದರು. ಸೆಲ್ವಿ ಮೆಷಿನ್ ಹತ್ತಿರ ಇರಲಿಲ್ಲ, ಬಾಗಿಲ ಬಳಿ ತಮ್ಮ ಊಟದ ಡಬ್ಬಿ ಹಿಡಿದು ನಿಂತಿದ್ದರು. ಹೊಸ ಪ್ರೋಗ್ರಾಮ್ ಹಾಕಿ ಮುಗಿಸಿದೆ. ಆಮೇಲೂ ಅಕ್ಕ ಏನೂ ಹೇಳಲಿಲ್ಲ. ಯಜಮಾನರು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಅಕ್ಕ ಮಾತಾಡಿಬಿಡುತ್ತಾರೆ ಎಂದುಕೊಂಡೆ. ಅವರು ಸೀರೆಯ ಸೆರಗನ್ನು ಗಾಳಿಗೆ ಹಾರದಂತೆ ಹಿಡಿದು ನಿಂತೇ ಇದ್ದರು.

“ಪೆಟ್ಟಿಗೆಯಲ್ಲಿ ತಪ್ಪಿತ್ತು” ಎಂದೆ. “ಅದನ್ನು ಬರೆದವಳು ನಾನು. ಇವರು ಸ್ವಿಚ್ ಮುಟ್ಟಿಲ್ಲ. ಈ ಚೀಟಿಯಲ್ಲಿ ನಾನು ನೋಡದೇ ಇದ್ದದ್ದನ್ನು ಬರೆದೆ.” ನನ್ನ ತಮಿಳಿಗೆ ಬೇರೆ ದಿನವಾದರೆ ಅಲ್ಲಿದ್ದವರು ನಗುತ್ತಿದ್ದರು. ಆ ದಿನ ನಗಲಿಲ್ಲ. ಚೀಟಿಯ ಹಳೆಯ ಎರಡು ಸಾಲು ಹೊಡೆದುಹಾಕಿ, ಹೇಳಿದ್ದನ್ನೇ ಕೆಳಗೆ ಬರೆದೆ.

ಆಗ ಅಕ್ಕ ಬಾಯಿ ತೆರೆದರು. “ನೋಡಿ ಸರಿ ಅಂತ ಹೇಳಿದವಳು ನಾನೂಂಗ. ಅದನ್ನೂ ಸೇರಿಸ್ಕೊಳ್ಳೀಂಗ.”

ಯಜಮಾನರು ಚೀಟಿ ಇಸಿದುಕೊಂಡು, ನಾನು ಹೊಸದಾಗಿ ಬರೆದದ್ದನ್ನು ಎರಡು ಸಲ ಓದಿದರು. ಸೆಲ್ವಿಯ ಕಡೆ ತಿರುಗಿ, “ಡಬ್ಬಿ ಇಟ್ಟು ಮೆಷಿನ್ ನೋಡು ಹೋಗು” ಎಂದರು. ಕ್ಷಮೆಯ ಮಾತು ಅವರ ಬಾಯಿಂದ ಬರಲಿಲ್ಲ. ಸೆಲ್ವಿ ನನ್ನ ಪಕ್ಕದಿಂದ ಹಾದುಹೋಗುವಾಗ ನಿಂತರು. “ಮುಖ ನೋಡು, ನನ್ನನ್ನಲ್ಲ, ನಿನ್ನನ್ನೇ ಬಿಡಿಸಿದ ಹಾಗಿದೆ. ಏನಾದ್ರೂ ತಿಂದ್ಯಾ ಪಾಪ?” ಎಂದು ಕೇಳಿದರು. ನಾನು ತಿಂದಿರಲಿಲ್ಲ. ಅವರ ಡಬ್ಬಿಯ ಪುಳಿಸಾದವನ್ನು, ಅಂದರೆ ಹುಳಿಯನ್ನವನ್ನು, ಮೂವರೂ ಹಂಚಿಕೊಂಡು ತಿಂದೆವು.

ಆಮೇಲೆ ಎಷ್ಟೋ ಪ್ರೋಗ್ರಾಮ್ ಬರೆದಿದ್ದೇನೆ. ಮೂರು ವರ್ಷದ ನಂತರ ಕೊಯಮತ್ತೂರಿನಲ್ಲಿ ಪಂಪ್ ಮೋಟಾರಿನ ಕೆಲಸಕ್ಕೆ ಸೇರಿದೆ. ಅಕ್ಕನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಕಾಯಿಲೆ ಬಿದ್ದ ಮೇಲೂ ಅವರು ಕೇಳುತ್ತಿದ್ದದ್ದು ಒಂದೇ: “ನಿಂತು ನೋಡ್ದ್ಯಾ ಕಣ್ಣು?” ಕೊನೆಯ ತಿಂಗಳು ಆಸ್ಪತ್ರೆಗೆ ಹೋದಾಗ, ನಾನು ಮಾತು ಹುಡುಕುತ್ತಿರುವುದನ್ನು ಕಂಡು, “ಅವಸರ ಇಲ್ಲ, ಕೂತ್ಕೋ” ಎಂದಿದ್ದರು. ಹೇಳಬೇಕಾದದ್ದನ್ನು ಅವತ್ತೂ ನಾನು ಹೇಳಲಿಲ್ಲ.

ಬಸ್ ನಿಲ್ದಾಣದಿಂದ ಮನೆಗೆ ನಡೆದೆ. ಬೀದಿಯಲ್ಲಿ ಪಾವು ಚಾಚಿತ್ತು. ಗಾಳಿಗೆ ಸಣ್ಣಗೆ ಅಲೆ ಏಳುತ್ತಿತ್ತು. ಅಕ್ಕನ ತಮ್ಮ ಸುಬ್ರಮಣಿ, ನೆರೆಯ ಮನೆಯ ಇಬ್ಬರು ಕೈಕಟ್ಟಿ ನಿಂತಿದ್ದರು. ಅವ್ವ ಕಲ್ಲಿನ ಮೇಲೆ ಕೂತಿದ್ದರು. ಅವರ ಕೈ ನಡುಗಲು ಶುರುವಾದ ವರ್ಷದಿಂದ ಮುಟ್ಟಿ ನೋಡುವ ಕೆಲಸ ಅಕ್ಕನದಾಗಿತ್ತು. ಈಗ ಅರಿಶಿನದ ಬಟ್ಟಲು ಅವ್ವನ ಮಡಿಲಲ್ಲಿ ಇತ್ತು.

“ಬಿಸಿಲು ಏರ್ತಾ ಇದೆ ಅವ್ವ” ಎಂದರು ಸುಬ್ರಮಣಿ. “ಯಾರಾದ್ರೂ ಹಚ್ಚಿದ್ರೆ ಆಯ್ತು. ನಾನೇ ಹಚ್ತೀನಿ.”

“ನೀನು ನೋಡ್ದೇನೇ ಹಚ್ತೀಯ. ನಿಮ್ಮಪ್ಪನ ಮಗ.” ಅವ್ವ ಬಟ್ಟಲನ್ನು ನನ್ನ ಕಡೆ ಚಾಚಿದರು. “ನೀನು ನೋಡು ಕಣ್ಣು. ಅವ್ಳು ನಿನ್ಗೆ ಹೇಳ್ಕೊಟ್ಟಿದ್ದಾಳಲ್ಲ.”

“ನನಗೆ ಪಾವು ಗೊತ್ತಿಲ್ಲ ಅವ್ವ.”

“ಕೈಗೆ ಹಸಿ ಒಣ ಗೊತ್ತಾಗುತ್ತಲ್ಲ.”

ನಾನು ಚಪ್ಪಲಿ ಬಿಟ್ಟು ಈ ತುದಿಯಿಂದ ಶುರು ಮಾಡಿದೆ. ಕೈಯ ಹಿಂಬದಿಯಿಂದ ಎಳೆಗಳನ್ನು ಮುಟ್ಟುತ್ತಾ ನಡೆದೆ. ನಡುವಿನಲ್ಲಿ ಒಂದು ಕಡೆ ತಣ್ಣಗಿತ್ತು. ಅಲ್ಲೇ ನಿಂತೆ. ಕಣ್ಣು ಮಂಜಾಗಿತ್ತು, ಅದಕ್ಕೂ ನಿಂತೆ. ಹಿಂದೆ ಸುಬ್ರಮಣಿ ಉರುಳೆಯ ಕಡೆ ಒಂದು ಹೆಜ್ಜೆ ಇಟ್ಟದ್ದು ಕೇಳಿಸಿತು.

“ಇರು” ಎಂದರು ಅವ್ವ. “ಅವ್ಳು ಮುಗಿಸ್ಲಿ.”

ಯಾರೂ ಅಲ್ಲಾಡಲಿಲ್ಲ. ಗಾಳಿ ತಣ್ಣಗಿದ್ದ ಜಾಗವನ್ನು ಒಣಗಿಸುವ ತನಕ ಅವರೆಲ್ಲ ನನಗಾಗಿ ಬಿಸಿಲಲ್ಲಿ ನಿಂತಿದ್ದರು. ಅಲ್ಲಿ ಮತ್ತೊಮ್ಮೆ ಮುಟ್ಟಿ, ಕೊನೆಯವರೆಗೂ ನಡೆದು ನೋಡಿದೆ. ಆಮೇಲೆ ಹೆಬ್ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ಉರುಳೆಯ ಒಂದು ತುದಿಗೆ, ನಂತರ ಇನ್ನೊಂದು ತುದಿಗೆ ಹಚ್ಚಿದೆ. ಕೈ ತೆಗೆದ ಮೇಲೆಯೇ ಸುಬ್ರಮಣಿ ಮುಂದೆ ಬಂದರು.